ಏಳು ತಂತಿಗಳ ಪಿಟೀಲು ಚೌಡಯ್ಯನವರು

ಹಬ್ಬದ ದಿನಗಳು ಸಮೀಪಿಸಿದಾಗ ನಮ್ಮ ಗಾಯನವೃಂದದ ತರುಣರು ಅಭ್ಯಾಸ ಮುಗಿಸಿ ದೇವಾಲಯದ ಮೆಟ್ಟಿಲುಗಳ ಮೇಲೆ ಕುಳಿತು ಹರಟುವುದುಂಟು. ಕಳೆದ ವರ್ಷ ಅವರ ಹರಟೆ ಬೇಸ್ ಗಿಟಾರ್ ನುಡಿಸುವವರ ಕಡೆಗೆ ತಿರುಗಿತು. ಸಿರುಗುಪ್ಪದಿಂದ ಬರುವ ಒಬ್ಬ ತರುಣ, ಕುರುಗೋಡಿನಿಂದ ಬರುವ ಮತ್ತೊಬ್ಬ. ಇಬ್ಬರೂ ಅದೇ ವಾದ್ಯವನ್ನು ನುಡಿಸಬಲ್ಲವರು. ಬೆರಳುಗಳ ವೇಗವೇ ಕಲೆಯೆಂದು ಒಂದು ಪಕ್ಷ, ತಾಳ ತಪ್ಪದೆ ಹಾಡನ್ನು ಹೊತ್ತು ನಿಲ್ಲುವುದೇ ಕಲೆಯೆಂದು ಇನ್ನೊಂದು ಪಕ್ಷ. ಚರ್ಚೆ ವಾದವಾಯಿತು, ವಾದ ಅವಹೇಳನಕ್ಕೆ ತಿರುಗಿತು. ನಿಧಾನವಾಗಿ ನುಡಿಸುವವನೆಂದು ನಗೆಗೀಡಾದವನು ವಾದ್ಯವನ್ನು ಚೀಲಕ್ಕೆ ಹಾಕಿಕೊಂಡು ಹೋದವನು ಎರಡು ಭಾನುವಾರ ಬರಲಿಲ್ಲ. ಇನ್ನೊಬ್ಬನಿಗೂ ಆ ವಾದ್ಯವನ್ನು ಮುಟ್ಟಲು ಮನಸ್ಸಾಗಲಿಲ್ಲ. ಆ ಎರಡು ಬಲಿಪೂಜೆಗಳಲ್ಲಿ ಹಾಡುಗಳೆಲ್ಲ ಇದ್ದವು. ಆದರೆ ಅವುಗಳ ಕೆಳಗೆ ನೆಲವಿರಲಿಲ್ಲ. ಅಂದು ನನಗೆ ನೆನಪಾದವರು ಪಿಟೀಲು ಚೌಡಯ್ಯನವರು.

ಇಂತಹ ಚರ್ಚೆ ನಮ್ಮ ನಾಡಿಗೆ ಹೊಸತಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಕನ್ನಡ ಮತ್ತು ತೆಲುಗು ಎರಡೂ ಮನೆಮಾತಾಗಿರುವ ಈ ಊರಿನ ಸಂಗೀತಪ್ರಿಯ ಹಿರಿಯರು ಮೂವರು ಪಿಟೀಲು ವಿದ್ವಾಂಸರನ್ನು ಹೋಲಿಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಒಬ್ಬರು ವಿಜಯನಗರಂನ ದ್ವಾರಂ ವೆಂಕಟಸ್ವಾಮಿ ನಾಯುಡು, ಇನ್ನೊಬ್ಬರು ಕುಂಭಕೋಣದ ರಾಜಮಾಣಿಕ್ಯಂ ಪಿಳ್ಳೆ, ಮೂರನೆಯವರು ಮೈಸೂರಿನ ಚೌಡಯ್ಯ. ಈ ಮೂವರನ್ನೂ ಸಮಕಾಲೀನರು ಪಿಟೀಲಿನ ತ್ರಿಮೂರ್ತಿಗಳೆಂದು ಕರೆದರು. ನಾಯುಡು ಅವರ ಕಮಾನಿನ ಮಾರ್ದವವನ್ನು ಮೆಚ್ಚುವವರಿಗೆ ಚೌಡಯ್ಯನವರ ನಾದ ಅತಿಯಾಗಿ ತೋರುತ್ತಿತ್ತು. ಚೌಡಯ್ಯನವರ ಗಾಂಭೀರ್ಯಕ್ಕೆ ಮನಸೋತವರಿಗೆ ಉಳಿದವರ ನಾದ ತೆಳುವೆನಿಸುತ್ತಿತ್ತು.

ತಿರುಮಕೂಡಲು ಚೌಡಯ್ಯನವರು 1895ರ ಜನವರಿ 1ರಂದು ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿಯೂ ಕಪಿಲೆಯೂ ಸಂಗಮಿಸುವ ಆ ಊರನ್ನು ಅವರು ಮರೆಯಲಿಲ್ಲ. ಮುಂದೆ ತಾವು ರಚಿಸಿದ ಕೃತಿಗಳಿಗೆ ತ್ರಿಮಕುಟ ಎಂಬ ಅಂಕಿತವನ್ನೇ ಇಟ್ಟುಕೊಂಡರು. 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರು, ದಾಸರ ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿದವರು, ಶಿಷ್ಯರ ವಿಷಯದಲ್ಲಿ ಕಠಿಣ ಶಿಸ್ತಿನವರು. ಗಾಯಕ ಗುರುವಿನ ಬಳಿ ವಾದ್ಯವನ್ನು ಕಲಿತುದರಿಂದ ಚೌಡಯ್ಯನವರ ಪಿಟೀಲು ಕಂಠವನ್ನು ಅನುಸರಿಸುವ ಗುಣವನ್ನು ಪಡೆಯಿತು.

ಪಿಟೀಲು ಹುಟ್ಟಿನಿಂದ ಪರದೇಶದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಒಂದು ಶತಮಾನ ಕಳೆಯುವಷ್ಟರಲ್ಲಿ ಪಿಟೀಲಿಲ್ಲದ ಕಚೇರಿಯೇ ಇಲ್ಲವೆಂಬಂತಾಯಿತು. ಆದರೂ ಅದರ ಸ್ಥಾನ ಪಕ್ಕವಾದ್ಯದ್ದು. ಗಾಯಕನ ಹಿಂದೆ ನಡೆಯುವುದು, ಅವನು ಉಸಿರು ತೆಗೆದುಕೊಳ್ಳುವಾಗ ನಾದದ ಎಳೆ ಕಡಿಯದಂತೆ ಕಾಯುವುದು, ತನ್ನ ಪಾಳಿ ಬಂದಾಗ ಮಿತವಾಗಿ ಮಾತಾಡುವುದು ಅದರ ಧರ್ಮ.

ಚೌಡಯ್ಯನವರು ವೇದಿಕೆಗೆ ಬಂದ ಕಾಲದಲ್ಲಿ ಧ್ವನಿವರ್ಧಕಗಳಿರಲಿಲ್ಲ. ತುಂಬು ಕಂಠದ ಗಾಯಕ ಮತ್ತು ಮೃದಂಗದ ಘೋಷದ ನಡುವೆ ನಾಲ್ಕು ತಂತಿಗಳ ಪಿಟೀಲು ಮುಂದಿನ ಸಾಲುಗಳಿಗಷ್ಟೇ ಮುಟ್ಟುತ್ತಿತ್ತು. ಒಂದು ಕಚೇರಿಯಲ್ಲಿ ಹಿಂದೆ ಕುಳಿತಿದ್ದ ರಸಿಕನೊಬ್ಬ ಪಿಟೀಲು ತನಗೆ ಕೇಳಿಸಲೇ ಇಲ್ಲವೆಂದು ದೂರಿದನೆಂದೂ ಆ ಮಾತು ಚೌಡಯ್ಯನವರ ಮನಸ್ಸನ್ನು ನಾಟಿತೆಂದೂ ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ಅವರು ಆ ರಸಿಕನ ಮೇಲೆ ಮುನಿಯಲಿಲ್ಲ. ತಮ್ಮ ವಾದ್ಯವನ್ನೇ ಪರೀಕ್ಷೆಗೆ ಒಡ್ಡಿದರು. ಮೂರು ತಂತಿಗಳ ಪಕ್ಕದಲ್ಲಿ ಅದೇ ಸ್ವರವನ್ನು ಬೇರೊಂದು ಸ್ಥಾಯಿಯಲ್ಲಿ ನುಡಿಯುವ ಜೊತೆತಂತಿಗಳನ್ನು ಕಟ್ಟಿದರು. ಬೆರಳು ಎರಡನ್ನೂ ಒಟ್ಟಿಗೆ ಒತ್ತಬೇಕು, ಕಮಾನು ಎರಡನ್ನೂ ಒಟ್ಟಿಗೆ ಎಳೆಯಬೇಕು. ಆಗ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಮೊಳಗಿ ನಾದಕ್ಕೆ ತೂಕ ಬರುತ್ತದೆ. 1927ರ ವೇಳೆಗೆ ಏಳು ತಂತಿಗಳ ಪಿಟೀಲು ಸಿದ್ಧವಾಗಿ ಕಚೇರಿಗಳಲ್ಲಿ ಕೇಳತೊಡಗಿತು.

ಇದು ಸುಲಭದ ನಿರ್ಧಾರವಾಗಿರಲಿಲ್ಲ. ಗುರುಗಳು ಇನ್ನೂ ಜೀವಂತರಾಗಿದ್ದರು. ಕೃಷ್ಣಪ್ಪನವರು ತೀರಿಕೊಂಡದ್ದು 1931ರಲ್ಲಿ. ಸಂಪ್ರದಾಯವನ್ನೇ ಉಸಿರಾಡುವ ವಿದ್ವತ್ಸಭೆಯ ನಡುವೆ ಮೂವತ್ತೆರಡರ ಪ್ರಾಯದ ವಾದಕನೊಬ್ಬ ವಾದ್ಯದ ರೂಪವನ್ನೇ ಬದಲಿಸುವುದೆಂದರೆ ಗಳಿಸಿದ ಹೆಸರನ್ನು ಪಣಕ್ಕಿಟ್ಟಂತೆಯೇ. ಜೋಡಿ ತಂತಿಗಳನ್ನು ಅಪಸ್ವರವಿಲ್ಲದೆ ಹಿಡಿಯುವುದು ಕಷ್ಟ. ಕೂದಲೆಳೆಯಷ್ಟು ತಪ್ಪಿದರೂ ತಪ್ಪು ಇಮ್ಮಡಿಯಾಗಿ ಕೇಳಿಸುತ್ತದೆ. ಏಳು ತಂತಿಗಳಲ್ಲಿ ಪಿಟೀಲಿನ ನಯ ಮರೆಯಾಗುತ್ತದೆಂಬ ಟೀಕೆಯೂ ಬಂದಿತು. ಆ ಟೀಕೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಚೌಡಯ್ಯನವರು ಅದಕ್ಕೆ ದುಡಿಮೆಯಿಂದ ಉತ್ತರ ಕೊಟ್ಟರು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ಮಹಾಗಾಯಕರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಚೆಂಬೈಯವರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಇವು ಕೂಡಿದ ಕಚೇರಿಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಪ್ರಸಿದ್ಧವಾದವು.

ಮೈಸೂರಿನ ಅರಮನೆ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಗೌರವಿಸಿತು. ತಾವು ಪಡೆದ ವಿದ್ಯೆಯನ್ನು ಇತರರಿಗೆ ಹಂಚಲು ಅವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿದರು. 1943ರಲ್ಲಿ ತೆರೆಕಂಡ ಕನ್ನಡ ಚಿತ್ರ ವಾಣಿಯನ್ನು ನಿರ್ಮಿಸಿ ಅದರಲ್ಲಿ ಅಭಿನಯಿಸಿದರು, ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ಚೆಂಬೈಯವರ ಕಚೇರಿಯ ದೃಶ್ಯವೊಂದಿತ್ತು. ಮದರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನು ನೀಡಿತು. ಅದೇ ಬಿರುದು ದ್ವಾರಂ ಅವರಿಗೆ 1941ರಲ್ಲಿಯೂ ರಾಜಮಾಣಿಕ್ಯಂ ಪಿಳ್ಳೆಯವರಿಗೆ 1948ರಲ್ಲಿಯೂ ಸಂದಿತ್ತು. ರಸಿಕರು ಇತ್ಯರ್ಥ ಮಾಡಲಾರದ ಪೈಪೋಟಿಯಲ್ಲಿ ಸಭೆಯು ಮೂವರನ್ನೂ ಮನ್ನಿಸಿತು. ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಬೆಂಗಳೂರಿನ ಮಲ್ಲೇಶ್ವರದ ಬಳಿ ಅವರ ಹೆಸರಿನಲ್ಲಿ ನಿಂತಿರುವ ಸಭಾಭವನಕ್ಕೆ ಪಿಟೀಲಿನ ಆಕಾರವನ್ನೇ ಕೊಟ್ಟಿದ್ದಾರೆ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದಾಗ ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿ ವೀಣೆಯಂತಹ ತಂತಿವಾದ್ಯವೊಂದನ್ನು ನುಡಿಸುವವನ ಉದಾಹರಣೆ ನಮಗೆ ಎದುರಾಗುತ್ತಿತ್ತು. ಯಾವುದರ ಶ್ರೇಷ್ಠತೆಯನ್ನು ಅಳೆಯಬೇಕಾದರೂ ಮೊದಲು ಅದರ ಕಾರ್ಯವೇನೆಂದು ಕೇಳಬೇಕೆಂಬುದು ಅವನ ನಿಲುವು. ಯಾರು ಮೇಲು ಎಂಬ ನಮ್ಮ ಚರ್ಚೆಗಳು ಬಹುಮಟ್ಟಿಗೆ ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುತ್ತವೆ. ಮಂದ್ರಸ್ವರದ ವಾದ್ಯದ ಕಾರ್ಯವಾದರೂ ಏನು? ಇತರರ ದನಿಗೆ ನಿಲ್ಲಲು ನೆಲವನ್ನು ಕೊಡುವುದು. ಅದು ಸರಿಯಾಗಿ ನಡೆದಾಗ ಯಾರೂ ಅದನ್ನು ಗಮನಿಸುವುದಿಲ್ಲ. ನಿಂತುಹೋದಾಗ ಎಲ್ಲರಿಗೂ ತಿಳಿಯುತ್ತದೆ. ದೇಹದಲ್ಲಿ ದುರ್ಬಲವೆಂದು ತೋರುವ ಅಂಗಗಳೇ ಹೆಚ್ಚು ಅವಶ್ಯವಾದವುಗಳೆಂದು ಸಂತ ಪೌಲರು ಕೊರಿಂಥದ ಸಭೆಗೆ ತಿಳಿಹೇಳಿದ್ದೂ ಇದನ್ನೇ.

ಚೌಡಯ್ಯನವರ ಬಾಳಿನಲ್ಲಿ ನನಗೆ ಹಿರಿದಾಗಿ ಕಾಣುವುದು ಬಿರುದುಗಳಿಗಿಂತ ಆ ಮೂರು ಜೊತೆತಂತಿಗಳು. ಗಾಯಕನನ್ನು ಮೀರಿಸಬೇಕೆಂದು ಅವರು ಅವುಗಳನ್ನು ಕಟ್ಟಿದ್ದರೆ ಮಹಾಗಾಯಕರು ಅವರನ್ನು ಮತ್ತೆ ಮತ್ತೆ ಕರೆಯುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಕಚೇರಿ ಪೂರ್ಣವಾಗಿ ದಕ್ಕಲೆಂಬುದು ಅವರ ಉದ್ದೇಶವಾಗಿತ್ತೆಂದು ನಾನು ತಿಳಿಯುತ್ತೇನೆ. ದೇವಾಲಯದಲ್ಲಿಯೂ ಹಿಂದಿನ ಸಾಲೊಂದಿದೆ. ತಡವಾಗಿ ಬಂದವರು, ಸಂಕೋಚಪಡುವವರು, ದುಃಖವನ್ನು ಅಡಗಿಸಿಕೊಂಡವರು ಕೂರುವ ಜಾಗವದು.

ಎರಡನೆಯ ಭಾನುವಾರದ ಸಂಜೆ ನಾನು ಆ ತರುಣನ ಮನೆಗೆ ಹೋದೆ; ನನ್ನೊಂದಿಗೆ ಅವನ ಪ್ರತಿಸ್ಪರ್ಧಿಯೂ ಬಂದನು. ಉಪದೇಶವನ್ನೇನೂ ಮಾಡಲಿಲ್ಲ, ಅವನ ತಾಯಿ ಕೊಟ್ಟ ಚಹಾ ಕುಡಿಯುತ್ತ ಚೌಡಯ್ಯನವರ ಈ ಕಥೆಯನ್ನು ಇಬ್ಬರಿಗೂ ಹೇಳಿದೆ. ಮುಂದಿನ ಭಾನುವಾರ ಪ್ರವೇಶಗೀತೆ ಆರಂಭವಾದಾಗ ಹಾಡಿನ ಕೆಳಗೆ ಮತ್ತೆ ನೆಲವಿತ್ತು. ಅಂದು ಇಬ್ಬರಲ್ಲಿ ಯಾರು ನುಡಿಸುತ್ತಿದ್ದರೆಂದು ನಾನು ತಿರುಗಿ ನೋಡಲಿಲ್ಲ.