ಅರಮನೆ ಬಿಟ್ಟು ಬಂದ ಮಗ

ವಯಸ್ಸಾದ ತಂದೆತಾಯಿ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ ಪಾತ್ರೆ, ಬೀರು, ಒಡವೆ ಯಾರಿಗೆ ಎಂಬ ಮಾತು ಏಳುತ್ತದೆ. ಆಗ ಗೋವೆಯ ಕುಂಕಳ್ಳಿಯಲ್ಲಿ ಪ್ರಾಣ ಕೊಟ್ಟ ಪುನೀತ ರುಡಾಲ್ಫ್ ಅಕ್ವಾವಿವಾ ಅವರನ್ನು ನೆನೆಯುವುದು ಒಳ್ಳೆಯದು.

ಇಟಲಿಯ ಆತ್ರಿಯ ಡ್ಯೂಕರ ಮಗನಾಗಿ 1550ರಲ್ಲಿ ಹುಟ್ಟಿದ ಅವರು, ತಂದೆಗೆ ಇಷ್ಟವಿಲ್ಲದಿದ್ದರೂ 1568ರಲ್ಲಿ ಅರಮನೆ ತೊರೆದು ಯೇಸುಸಭೆ ಸೇರಿದರು. 1578ರಲ್ಲಿ ಗೋವೆಗೆ ಬಂದರು. 1580ರಿಂದ ಮೂರು ವರ್ಷ ಫತೇಪುರ ಸಿಕ್ರಿಯಲ್ಲಿ ಅಕ್ಬರನ ಆಸ್ಥಾನದಲ್ಲಿದ್ದರು. ಬಾದಶಹ ಕೊಡಬಂದ ಹಣ, ಉಡುಗೊರೆ ಅವರಿಗೆ ಬೇಡವಾಯಿತು. ಹೊರಡುವಾಗ ಕೇಳಿಕೊಂಡದ್ದು ಒಂದೇ: ಅಲ್ಲಿ ಗುಲಾಮಗಿರಿಯಲ್ಲಿದ್ದ ರಷ್ಯಾದ ಕ್ರೈಸ್ತ ಕುಟುಂಬದ ಬಿಡುಗಡೆ. ಅವರನ್ನು ಗೋವೆಗೆ ಕರೆತಂದರು.

1583ರ ಜುಲೈ 25ರಂದು ದೇವಾಲಯಕ್ಕೆ ಜಾಗ ನೋಡಲು ಸಂಗಡಿಗರೊಂದಿಗೆ ಕುಂಕಳ್ಳಿಗೆ ಹೋದರು. ಪೋರ್ಚುಗೀಸರು ತಮ್ಮ ಗುಡಿಗಳನ್ನು ಕೆಡವಿದ್ದರಿಂದ ನೊಂದಿದ್ದ ಊರವರು ಅವರನ್ನು ಕೊಂದರು. ಬಳಿಕ ಪೋರ್ಚುಗೀಸರು ಊರ ಮುಖಂಡರನ್ನು ಅಸ್ಸೋಳ್ಣಾ ಕೋಟೆಗೆ ಕರೆಸಿ ಕೊಂದರು. ಆ ಮನೆಗಳ ನೋವನ್ನೂ ನಾವು ಮರೆಯಬಾರದು. 1893ರಲ್ಲಿ ಪೋಪ್ 13ನೇ ಲಿಯೋ ಅವರು ರುಡಾಲ್ಫರನ್ನೂ ನಾಲ್ವರು ಯೇಸುಸಭೆಯ ಸಂಗಡಿಗರನ್ನೂ ಪುನೀತರೆಂದು ಘೋಷಿಸಿದರು.

ಪ್ರಿಯ ಬಾಂಧವರೇ, ವಸ್ತುಗಳು ಕೆಟ್ಟವಲ್ಲ. ಅಮ್ಮನ ಜಪಸರವನ್ನು ಪ್ರೀತಿಯಿಂದ ಇಟ್ಟುಕೊಳ್ಳೋಣ. ಉಳಿದದ್ದನ್ನು ಹಂಚುವ ಮೊದಲು ಅಪ್ಪ ಅಮ್ಮನ ಮನಸ್ಸು ತಿಳಿಯೋಣ. ಇದರಿಂದ ಯಾರ ಕಷ್ಟ ನೀಗೀತು ಎಂದೂ ಯೋಚಿಸೋಣ. ಒಡಹುಟ್ಟಿದವರ ನಡುವೆ ಮಾತು ನಿಲ್ಲಿಸುವಷ್ಟು ಬೆಲೆಯ ಪಾತ್ರೆ ಯಾವ ಮನೆಯಲ್ಲೂ ಇಲ್ಲ.