ಗಾನಯೋಗಿ ಪಂಚಾಕ್ಷರ ಗವಾಯಿಗಳು

ನಮ್ಮ ಹೈದರಾಬಾದಿನ ಬೇಗಂಪೇಟೆಯಲ್ಲಿ ಅಂಧ ಮಕ್ಕಳಿಗಾಗಿಯೇ ದೇವ್ನಾರ್ ಶಾಲೆಯಿದೆ. ಕಣ್ಣು ಕಾಣದವರು ವಿದ್ಯೆ ಕಲಿತು, ಉದ್ಯೋಗ ಹಿಡಿದು, ಸ್ವಾವಲಂಬಿಗಳಾಗುವುದು ಇಂದು ನಮಗೆ ಸೋಜಿಗದ ಸಂಗತಿಯಲ್ಲ. ಆದರೆ ನೂರು ವರ್ಷಗಳ ಹಿಂದೆ ಹಳ್ಳಿಯ ಬಡ ಅಂಧ ಬಾಲಕನಿಗೆ ಭಿಕ್ಷಾಪಾತ್ರೆಯ ಹೊರತು ಬೇರೆ ದಾರಿ ತೋರುವವರು ವಿರಳ. ಅಂಥ ಕಾಲದಲ್ಲಿ ಆ ದಾರಿಯನ್ನು ತೋರಿದ ಮಹನೀಯರೊಬ್ಬರ ಚರಿತ್ರೆಯನ್ನು ನಾವಿಲ್ಲಿ ಸ್ಮರಿಸೋಣ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ದೃಷ್ಟಿಯಿರಲಿಲ್ಲ. ಅವನ ಅಣ್ಣನೂ ಅಂಧನೇ. ಇಬ್ಬರ ಕಂಠಮಾಧುರ್ಯವನ್ನೂ ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಮುಂದೆ ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದ ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ಬಳಿಕ ಹಿಂದೂಸ್ತಾನಿ ಸಂಗೀತವನ್ನೂ ಸಾಧಿಸಿ, ಉಭಯಗಾನ ವಿಶಾರದರೆನಿಸಿದರು.

ತಮ್ಮ ಕೀರ್ತಿಯಷ್ಟರಿಂದಲೇ ಅವರು ತೃಪ್ತರಾಗಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಗುರುವು ಹಾಡುವುದು, ಶಿಷ್ಯನು ಕೇಳಿ ಹಾಡುವುದು; ಈ ವಿದ್ಯೆಗೆ ಕಿವಿಯೇ ಕಣ್ಣು, ನೆನಪೇ ಪುಸ್ತಕ. ಗಾಯನ, ಹಾರ್ಮೋನಿಯಂ, ತಬಲಾಗಳನ್ನು ಕಲಿತವನು ಸಂಗೀತಶಿಕ್ಷಕನೋ ಕೀರ್ತನಕಾರನೋ ಪಕ್ಕವಾದ್ಯಗಾರನೋ ಆಗಿ ಅನ್ನ ಸಂಪಾದಿಸಬಲ್ಲನಾದನು.

ಆದರೆ ಇಷ್ಟು ಮಕ್ಕಳಿಗೆ ಊಟವಸತಿಗಳನ್ನು ಒದಗಿಸುವುದು ಸುಲಭವಾಗಿರಲಿಲ್ಲ. ಹಣದ ಮುಗ್ಗಟ್ಟು ಮತ್ತೆ ಮತ್ತೆ ಕಾಡಿತು. ಗವಾಯಿಗಳು ಶಿಷ್ಯರೊಡನೆ ಊರೂರು ತಿರುಗಿದರು; ನಾಟಕ ಮಂಡಲಿಯನ್ನು ಕಟ್ಟಿ, ಅದರ ಉತ್ಪನ್ನದಿಂದ ಮಕ್ಕಳನ್ನು ಸಲಹಿದರು. ಕೊನೆಗೆ ಪಾಠಶಾಲೆಯು ಗದುಗಿನಲ್ಲಿ ನೆಲೆಯೂರಿ ವೀರೇಶ್ವರ ಪುಣ್ಯಾಶ್ರಮವೆಂದು ಹೆಸರಾಯಿತು. ಅಲ್ಲಿ ಜಾತಿಮತಗಳ ಭೇದವಿಲ್ಲದೆ ಅನ್ನವೂ ವಿದ್ಯೆಯೂ ದೊರೆತವು. ಕಣ್ಣುಳ್ಳವರೂ ಈ ಅಂಧಗುರುವಿನ ಬಳಿ ಕಲಿಯಲು ಬಂದರು. ಪ್ರಸಿದ್ಧ ಗಾಯಕ ಬಸವರಾಜ ರಾಜಗುರುಗಳು ಅವರಲ್ಲೊಬ್ಬರು.

1944ರಲ್ಲಿ ಗವಾಯಿಗಳು ದೇಹವನ್ನು ಬಿಟ್ಟರು. ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರವನ್ನು ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಆರು ದಶಕಗಳಿಗೂ ಮಿಗಿಲಾಗಿ ಅದನ್ನು ನಡೆಸಿದರು. ಗುರುವು ಹಚ್ಚಿದ ದೀಪವು ಹೀಗೆ ಆರದೆ ಉಳಿಯಿತು.

ವಿದ್ಯಾರ್ಥಿಮಿತ್ರರೇ, ಅಂಗವಿಕಲರನ್ನು ಕಂಡಾಗ ಅಯ್ಯೋ ಎಂದು ಕನಿಕರಿಸಿ ಮುಂದೆ ಹೋಗುವುದು ಸುಲಭ. ಆದರೆ ಒಂದು ಹೊತ್ತಿನ ಅನ್ನವು ಆ ಹೊತ್ತಿನ ಹಸಿವನ್ನು ಮಾತ್ರ ನೀಗುತ್ತದೆ. ಕೈಗೆ ಬಂದ ವಿದ್ಯೆಯು ಬಾಳನ್ನೇ ಸಾಗಿಸುತ್ತದೆ. ಗವಾಯಿಗಳ ಬಾಳಿನಿಂದ ನಾವು ಕಲಿಯಬೇಕಾದ ಪಾಠವಿದು.