ಕಚೇರಿಯ ದಾರಿಯನ್ನೇ ಓಟದ ಅಂಗಳವಾಗಿಸಿಕೊಂಡ ಕ್ಲಾರೆನ್ಸ್ ಡಿಮಾರ್

ಮಹಾನಗರದಲ್ಲಿ ಬಾಳುವ ನಮ್ಮಂಥವರು ಮನೆಯಿಂದ ಕಚೇರಿಗೆ ಹೋಗಿಬರುವ ಹೊತ್ತನ್ನು ಆಯುಷ್ಯದ ಖರ್ಚಿನ ಕಲಮಿಗೆ ಬರೆದಿಟ್ಟುಬಿಡುತ್ತೇವೆ. ಲೋಕಲ್ ರೈಲಿನಲ್ಲಿ ನಿಂತೇ ಕಳೆದ ಆ ಒಂದೂವರೆ ಗಂಟೆ ಜಮೆಯ ಕಡೆಗೆ ಎಂದೂ ಬರುವುದಿಲ್ಲ. ವ್ಯಾಯಾಮಕ್ಕೆ ಸಮಯವೆಲ್ಲಿದೆ ಎಂದು ಕೇಳುವಾಗ ನಮ್ಮ ಬಳಿ ಸಿದ್ಧವಿರುವ ಉತ್ತರವೂ ಅದೇ. ಬ್ಯಾಂಕಿನ ಮೇಜಿನ ಹಿಂದೆ ಮೂರು ದಶಕ ಕುಳಿತ ನಾನೂ ಈ ಉತ್ತರವನ್ನು ಹಲವು ಬಾರಿ ಕೊಟ್ಟವನೇ. ಆದರೆ ನೂರು ವರ್ಷಗಳ ಹಿಂದೆ ಅಮೆರಿಕದ ಬಾಸ್ಟನ್ ನಗರದಲ್ಲಿ ಒಬ್ಬ ಮುದ್ರಣಾಲಯದ ನೌಕರ ಇದೇ ದಾರಿಯ ಲೆಕ್ಕವನ್ನು ಜಮೆಯ ಕಡೆಗೆ ಬರೆದುಕೊಂಡರು. ಅವರು ಕ್ಲಾರೆನ್ಸ್ ಡಿಮಾರ್. ಬಾಸ್ಟನ್ ಮ್ಯಾರಥಾನ್ ಓಟವನ್ನು ಏಳು ಬಾರಿ ಗೆದ್ದವರು; ಒಲಿಂಪಿಕ್ ಪದಕ ಪಡೆದವರು; ಆದರೂ ಕೊನೆಯವರೆಗೆ ದುಡಿದೇ ಉಂಡ ಹವ್ಯಾಸಿ ಓಟಗಾರರು.

ಡಿಮಾರ್ ಹುಟ್ಟಿದ್ದು 1888ರ ಜೂನ್ 7ರಂದು, ಓಹಾಯೊ ರಾಜ್ಯದ ಸಿನ್ಸಿನಾಟಿ ನಗರದ ಸಮೀಪದ ಮಡೀರ ಎಂಬ ಊರಿನಲ್ಲಿ. ಎಂಟನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದರು. ಸಂಸಾರ ಸಾಗಿಸುವುದು ಅಲ್ಲಿಯೂ ಕಷ್ಟವಾದಾಗ ಬಾಲಕ ಕ್ಲಾರೆನ್ಸ್‌ನನ್ನು ಬಾಸ್ಟನ್ ಬಂದರಿನ ಥಾಮ್ಸನ್ ದ್ವೀಪದಲ್ಲಿದ್ದ ವಸತಿ ಶಾಲೆಗೆ ಸೇರಿಸಲಾಯಿತು. ಬಡ ಹುಡುಗರಿಗೆ ಬೇಸಾಯವನ್ನೂ ಕೈಕಸುಬುಗಳನ್ನೂ ಕಲಿಸುತ್ತಿದ್ದ ಶಾಲೆಯದು. ಸುತ್ತಲೂ ಸಮುದ್ರ, ಕಟ್ಟುನಿಟ್ಟಿನ ದಿನಚರಿ. ಒಂಟಿತನವನ್ನೂ ಶಿಸ್ತನ್ನೂ ಅವರು ಒಟ್ಟಿಗೇ ಅಭ್ಯಾಸ ಮಾಡಿಕೊಂಡದ್ದು ಅಲ್ಲಿಯೇ ಇರಬೇಕು.

ಮುಂದೆ ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿನ ಕೃಷಿ ಪ್ರಯೋಗ ಕ್ಷೇತ್ರದಲ್ಲಿ ಕೂಲಿ ಮಾಡುತ್ತಲೇ ಓದಿದರು. ಹೊಲ, ಗುಡ್ಡಗಳನ್ನು ದಾಟಿ ಓಡುವ ಸ್ಪರ್ಧೆಗೆ ಇಳಿದದ್ದೂ ಅಲ್ಲಿಯೇ. ಆದರೆ ಮನೆಯ ಜವಾಬ್ದಾರಿ ಪದವಿಯವರೆಗೆ ಕಾಯಲಿಲ್ಲ. ಓದು ಬಿಟ್ಟು ಬಾಸ್ಟನ್ನಿಗೆ ಮರಳಿ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿಕೊಂಡರು. ದಿನವಿಡೀ ನಿಂತು ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ಸಾಲು ಕಟ್ಟುವ ದುಡಿಮೆ. ತಾಳ್ಮೆಯಿಲ್ಲದವನಿಗೆ ದಕ್ಕುವ ಕಸುಬಲ್ಲ ಅದು.

ಬಾಸ್ಟನ್ ಮ್ಯಾರಥಾನ್ 1897ರಿಂದ ನಡೆದುಬಂದಿರುವ ಓಟ. ಆ ದಿನಗಳಲ್ಲಿ ಅದು ಪ್ರತಿ ವರ್ಷ ಏಪ್ರಿಲ್ 19ರ ದೇಶಪ್ರೇಮಿಗಳ ದಿನದಂದು ನಡೆಯುತ್ತಿತ್ತು. ಹಣದ ಬಹುಮಾನವಿರಲಿಲ್ಲ, ಗೆದ್ದವರಿಗೆ ಪದಕ ಅಥವಾ ಬಟ್ಟಲು, ಮುಗಿಸಿದವರಿಗೆ ಬಿಸಿ ಊಟ, ಅಷ್ಟೇ. ಈ ಓಟದಲ್ಲಿ ನಗದು ಬಹುಮಾನ ಆರಂಭವಾದದ್ದು 1986ರಲ್ಲಿ. ಓಟಗಾರರು ಬಡಗಿಗಳು, ಕಮ್ಮಾರರು, ಗುಮಾಸ್ತರು, ಅಂಚೆಯವರು. ಯಾವುದಾದರೊಂದು ಕ್ರೀಡಾ ಸಂಘದ ಹೆಸರಿನಲ್ಲಿ ಓಡಿ, ಮರುದಿನ ಕೆಲಸಕ್ಕೆ ಹಾಜರಾಗುತ್ತಿದ್ದರು. 1910ರಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿದ ಇಪ್ಪತ್ತೊಂದರ ಡಿಮಾರ್ ಎರಡನೆಯವರಾಗಿ ಬಂದರು.

ಮುಂದಿನ ವರ್ಷ ಅವರ ಬದುಕನ್ನು ಬಹುಕಾಲ ಕಾಡಿದ ಒಂದು ಘಟನೆ ನಡೆಯಿತು. ಓಟಕ್ಕೆ ಮೊದಲು ವೈದ್ಯರು ಸ್ಪರ್ಧಿಗಳ ಎದೆಯನ್ನು ಪರೀಕ್ಷಿಸುವ ವಾಡಿಕೆಯಿತ್ತು. ಡಿಮಾರ್ ಅವರ ಹೃದಯದ ಬಡಿತದಲ್ಲಿ ಅಸಹಜವಾದ ಸದ್ದೊಂದು ಕೇಳಿಸುತ್ತಿದೆಯೆಂದು ವೈದ್ಯರು ಹೇಳಿದರು. ಆಯಾಸವೆನಿಸಿದರೆ ಅರ್ಧಕ್ಕೇ ನಿಲ್ಲಿಸಬೇಕು, ಇನ್ನು ಮುಂದೆ ಇಂಥ ಓಟಗಳ ಸಹವಾಸವೇ ಬೇಡ ಎಂದು ಎಚ್ಚರಿಸಿದರು. ಡಿಮಾರ್ ಓಡಿದರು. ನಿಲ್ಲಿಸಲಿಲ್ಲ. 2 ಗಂಟೆ 21 ನಿಮಿಷ 39 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಹಳೆಯ ದಾಖಲೆಯನ್ನು ಎರಡೂ ಮುಕ್ಕಾಲು ನಿಮಿಷದಷ್ಟು ಇಳಿಸಿ ಗೆದ್ದರು. ಆಗಿನ ಮಾರ್ಗ ಇಂದಿನ 42.195 ಕಿಲೋಮೀಟರಿಗಿಂತ ಸುಮಾರು ಮೂರು ಕಿಲೋಮೀಟರ್ ಕಡಿಮೆಯಿತ್ತೆಂಬುದನ್ನು ಇಲ್ಲಿ ಹೇಳಬೇಕು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಆಯ್ಕೆಯಾದ ಅವರು ಅಲ್ಲಿ ಹನ್ನೆರಡನೆಯವರಾದರು. ತಂಡದ ತರಬೇತುದಾರರ ಕಟ್ಟುಪಾಡು ಅವರಿಗೆ ಒಗ್ಗಲಿಲ್ಲ. ಉರಿಬಿಸಿಲಿನಲ್ಲಿ ನಡೆದ ಆ ಓಟದಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಕುಸಿದು ಬಿದ್ದು ಮರುದಿನ ತೀರಿಕೊಂಡರು. ಊರಿಗೆ ಮರಳಿದ ಡಿಮಾರ್ ದೊಡ್ಡ ಸ್ಪರ್ಧೆಗಳಿಂದ ಹಿಂದೆ ಸರಿದರು.

ಓಟಗಾರನ ಬಾಳಿನಲ್ಲಿ ಇಪ್ಪತ್ತಮೂರರಿಂದ ಮೂವತ್ತಮೂರರವರೆಗಿನ ಹತ್ತು ವರ್ಷಗಳೆಂದರೆ ಪೈರು ತೆನೆ ಕಟ್ಟುವ ಕಾಲ. ಆ ಕಾಲವನ್ನೇ ಡಿಮಾರ್ ಬಹುಪಾಲು ಬಿಟ್ಟುಕೊಟ್ಟರು. ವೈದ್ಯರ ಮಾತು ಮನಸ್ಸಿನ ಮೂಲೆಯಲ್ಲಿ ಕುಳಿತಿತ್ತು. ಬ್ಯಾಪ್ಟಿಸ್ಟ್ ಪಂಥದ ಶ್ರದ್ಧಾವಂತರಾದ ಅವರಿಗೆ ಓಟದಿಂದ ಬರುವ ಹೊಗಳಿಕೆ ಅಹಂಕಾರಕ್ಕೆ ದಾರಿಯಾದೀತೆಂಬ ಅಳುಕೂ ಇತ್ತು. ಜೊತೆಗೆ ಹಗಲಿನ ದುಡಿಮೆಯ ನಡುವೆ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಸ್ತರಣಾ ತರಗತಿಗಳಲ್ಲಿ ಓದಿ, ಅರ್ಧಕ್ಕೆ ಬಿಟ್ಟಿದ್ದ ವಿದ್ಯೆಯನ್ನು ಮುಂದುವರಿಸಿದರು. ನಡುವೆ 1917ರಲ್ಲಿ ಒಮ್ಮೆ ಬಾಸ್ಟನ್ ಓಟಕ್ಕೆ ಇಳಿದು ಮೂರನೆಯವರಾದದ್ದು ಬಿಟ್ಟರೆ ಆ ಹೆಸರು ಜನರ ನೆನಪಿನಿಂದ ಮಾಸತೊಡಗಿತ್ತು. ಬಳಿಕ ಸೈನ್ಯದ ಸೇವೆಗಾಗಿ ಯುರೋಪಿಗೆ ಹೋಗಿಬಂದರು.

ಆದರೆ ಅವರು ಮತ್ತೆ ಓಟಕ್ಕೆ ಮರಳಿದರು, ಹಳೆಯ ರೀತಿಯಲ್ಲಿಯೇ. ಮೆಲ್ರೋಸ್‌ನಲ್ಲಿ ಮನೆ, ಬಾಸ್ಟನ್ನಿನಲ್ಲಿ ಕೆಲಸ. ನಡುವೆ ಸುಮಾರು ಏಳು ಮೈಲಿ, ಎಂದರೆ ಹನ್ನೊಂದು ಕಿಲೋಮೀಟರ್. ಒಣಗಿದ ಅಂಗಿಯೊಂದನ್ನು ಜೊತೆಗಿಟ್ಟುಕೊಂಡು ಮನೆಯಿಂದ ಓಡುತ್ತ ಹೊರಡುವುದು, ಮುದ್ರಣಾಲಯ ತಲುಪಿ ಬಟ್ಟೆ ಬದಲಿಸಿ ದುಡಿಯುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ನಮ್ಮ ಬ್ಯಾಂಕಿನವರ ಅಭ್ಯಾಸದಂತೆ ಲೆಕ್ಕ ಹಾಕಿ ನೋಡೋಣ. ಎರಡೂ ಹೊತ್ತು ಓಡಿದ ದಿನಕ್ಕೆ 22 ಕಿಲೋಮೀಟರ್. ಅಂಥ ಐದು ದಿನಗಳಿಗೆ 110 ಕಿಲೋಮೀಟರ್. ಇದಕ್ಕಾಗಿ ಅವರು ಮೈದಾನಕ್ಕೆ ಹೋಗಲಿಲ್ಲ, ರಜೆ ಬೇಡಲಿಲ್ಲ, ಹಾಸಿಗೆಯಿಂದ ಎರಡು ಗಂಟೆ ಮೊದಲು ಏಳಬೇಕಾಗಿಯೂ ಬರಲಿಲ್ಲ. ಹೇಗಿದ್ದರೂ ಸವೆಸಬೇಕಾದ ದಾರಿ ಅದು. ಸವೆಸುವ ರೀತಿಯನ್ನು ಬದಲಿಸಿದರು.

ಇಂದು ಓಟದ ಸಂಘಗಳಲ್ಲಿ ಮ್ಯಾರಥಾನಿಗೆ ಸಿದ್ಧರಾಗುವವರ ವಾರದ ಪಟ್ಟಿ ಬೇರೆ ಬಗೆಯದು. ಒಂದು ದಿನ ವೇಗದ ಓಟ, ಎರಡು ಮೂರು ದಿನ ಹಗುರ ಓಟ, ಒಂದು ದಿನ ವಿಶ್ರಾಂತಿ, ವಾರಾಂತ್ಯದಲ್ಲಿ ಮೂವತ್ತು ಕಿಲೋಮೀಟರಿನ ಆಸುಪಾಸಿನ ದೀರ್ಘ ಓಟ. ಹೀಗೆ ಮೂರು ನಾಲ್ಕು ತಿಂಗಳು ನಡೆಯುತ್ತದೆ. ಡಿಮಾರ್ ಅವರ ಪಟ್ಟಿಯಲ್ಲಿ ಈ ವೈವಿಧ್ಯವಿಲ್ಲ. ಆದರೆ ಎಲ್ಲ ಪಟ್ಟಿಗಳ ತಳದಲ್ಲಿರುವ ಸತ್ವ ಅದರಲ್ಲಿದೆ: ತಪ್ಪದೆ, ಬಹುಕಾಲ, ಮೈ ತಡೆಯುವಷ್ಟು ಓಡುವುದು. ಅಂಚೆ ಕಚೇರಿಯ ತಿಂಗಳ ಠೇವಣಿಯಂತೆ ಈ ಓಟ; ಒಂದು ಕಂತಿನಿಂದ ಯಾರೂ ಧನಿಕರಾಗುವುದಿಲ್ಲ, ಒಂದೂ ತಪ್ಪದಿದ್ದರೆ ಬರಿಗೈಯಲ್ಲಿ ಉಳಿಯುವುದೂ ಇಲ್ಲ.

ಫಲ 1922ರಲ್ಲಿ ದೊರೆಯಿತು. ಮೊದಲ ಗೆಲುವಿನ ಹನ್ನೊಂದು ವರ್ಷಗಳ ನಂತರ, ಮೂವತ್ತಮೂರನೆಯ ವಯಸ್ಸಿನಲ್ಲಿ, 2 ಗಂಟೆ 18 ನಿಮಿಷ 10 ಸೆಕೆಂಡುಗಳ ಹೊಸ ದಾಖಲೆಯೊಂದಿಗೆ ಡಿಮಾರ್ ಮತ್ತೆ ಗೆದ್ದರು. 1923ರಲ್ಲಿ ಗೆದ್ದರು. 1924ರಲ್ಲಿ ಓಟದ ಆರಂಭವನ್ನು ಆಶ್‌ಲ್ಯಾಂಡ್‌ನಿಂದ ಹಾಪ್ಕಿಂಟನ್ ಎಂಬ ಊರಿಗೆ ಸರಿಸಿ ದೂರವನ್ನು ಹೆಚ್ಚಿಸಿದರು; ಆಗಲೂ ಅವರೇ ಗೆದ್ದರು. ಅದೇ ವರ್ಷದ ಜುಲೈ 13ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಫಿನ್‌ಲ್ಯಾಂಡಿನ ಆಲ್ಬಿನ್ ಸ್ಟೆನ್‌ರೂಸ್, ಇಟಲಿಯ ರೋಮಿಯೊ ಬರ್ಟಿನಿ ಅವರ ಹಿಂದೆ ಮೂರನೆಯವರಾಗಿ ಕಂಚಿನ ಪದಕ ಪಡೆದರು. ಆಗ ಅವರಿಗೆ ಮೂವತ್ತಾರು. ಮುಂದೆ 1972ರಲ್ಲಿ ಫ್ರ್ಯಾಂಕ್ ಶಾರ್ಟರ್ ಚಿನ್ನ ಗೆಲ್ಲುವವರೆಗೆ ಒಲಿಂಪಿಕ್ ಮ್ಯಾರಥಾನಿನಲ್ಲಿ ಅಮೆರಿಕಕ್ಕೆ ಇನ್ನೊಂದು ಪದಕ ಬರಲಿಲ್ಲ.

ಬಾಸ್ಟನ್ನಿನಲ್ಲಿ 1925ರಲ್ಲಿ ಎರಡನೆಯ, 1926ರಲ್ಲಿ ಮೂರನೆಯ ಸ್ಥಾನ ಬಂದಾಗ ಇವರ ಕಾಲ ಮುಗಿಯಿತೆಂದು ಹಲವರು ತೀರ್ಮಾನಿಸಿರಬಹುದು. ಡಿಮಾರ್ 1927ರಲ್ಲಿ ಗೆದ್ದರು, 1928ರಲ್ಲಿಯೂ ಗೆದ್ದರು. 1930ರಲ್ಲಿ ನಲವತ್ತೊಂದನೆಯ ವಯಸ್ಸಿನಲ್ಲಿ ಏಳನೆಯ ಬಾರಿ ಗೆದ್ದರು. ಅಲ್ಲಿನ ಪುರುಷರ ಓಟದಲ್ಲಿ ಏಳು ಗೆಲುವುಗಳನ್ನು ಬೇರಾರೂ ಸರಿಗಟ್ಟಿಲ್ಲ. ಅಷ್ಟು ವಯಸ್ಸಿನಲ್ಲಿ ಗೆದ್ದವರೂ ಇನ್ನೊಬ್ಬರಿಲ್ಲ. ಜನ ಅವರನ್ನು ಪ್ರೀತಿಯಿಂದ ಮಿಸ್ಟರ್ ಡಿಮಾರಥಾನ್ ಎಂದು ಕರೆದರು.

ಹಾಗೆಂದು ಅವರು ಎಲ್ಲರಿಗೂ ಸಲ್ಲುವ ಸಿಹಿ ಮಾತಿನ ಮನುಷ್ಯರಾಗಿರಲಿಲ್ಲ. ಓಟದ ನಡುವೆ ಯಾರಾದರೂ ಅಡ್ಡ ಬಂದರೆ, ಮೈಮುಟ್ಟಿದರೆ ಸಿಡಿಮಿಡಿಗೊಳ್ಳುತ್ತಿದ್ದರು. ಹೊಗಳುವವರಿಂದ ದೂರ ಇರುತ್ತಿದ್ದರು. ಅದೇ ಮನುಷ್ಯ ಭಾನುವಾರ ಇಗರ್ಜಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಗೆಲುವು ಅವರನ್ನು ಕಸುಬಿನಿಂದ ಬಿಡಿಸಲಿಲ್ಲ. ಹವ್ಯಾಸಿಯಾದವನು ಓಟದಿಂದ ಹಣ ಗಳಿಸುವಂತಿರಲಿಲ್ಲ. ಅವರಿಗೆ ಆ ಹಂಬಲವೂ ಇದ್ದಂತಿಲ್ಲ. 1920ರ ದಶಕದ ಕೊನೆಯಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಮುದ್ರಣಕಲೆಯ ಅಧ್ಯಾಪಕರಾದರು. 1937ರಲ್ಲಿ ತಮ್ಮ ಅನುಭವಗಳನ್ನು ಮ್ಯಾರಥಾನ್ ಎಂಬ ಪುಸ್ತಕವಾಗಿ ಬರೆದರು. ಮುಂದೆ ಸಂಸಾರ, ಸಣ್ಣ ಬೇಸಾಯ, ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ, ಇವುಗಳ ನಡುವೆ ಓಡುತ್ತಲೇ ಇದ್ದರು. 1954ರಲ್ಲಿ ಅರವತ್ತೈದನೆಯ ವಯಸ್ಸಿನಲ್ಲಿ ಕೊನೆಯ ಬಾರಿಗೆ ಬಾಸ್ಟನ್ ಮ್ಯಾರಥಾನ್ ಓಡಿ, ನಾಲ್ಕು ಗಂಟೆಯೊಳಗೆ ಮುಗಿಸಿದರು. ಗೆಲ್ಲುವವರ ಸಾಲಿನಿಂದ ಗುಂಪಿನ ಹಿಂದಕ್ಕೆ ಸರಿದದ್ದನ್ನು ಅವರು ಅವಮಾನವೆಂದು ಭಾವಿಸಲಿಲ್ಲ. ಏಳು ಬಾರಿ ಗೆದ್ದ ದಾರಿಯಲ್ಲಿ ಎಪ್ಪತ್ತೆಂಟನೆಯವರಾಗಿ ಬರುವುದಕ್ಕೂ ಒಂದು ದೊಡ್ಡತನ ಬೇಕು.

ಹಾಗಾದರೆ ಆ ಹೃದಯದ ಮಾತೇನು? 1920ರ ದಶಕದಲ್ಲಿಯೇ ಹಾರ್ವರ್ಡ್‌ನ ಶರೀರವಿಜ್ಞಾನಿಗಳು ಅವರನ್ನು ಪ್ರಯೋಗಾಲಯದಲ್ಲಿ ಓಡಿಸಿ ಪರೀಕ್ಷಿಸಿದ್ದರು. ಬೇರೆಯವರು ದಣಿದು ನಿಲ್ಲುವ ವೇಗದಲ್ಲಿಯೂ ಡಿಮಾರ್ ಅವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಷ್ಟಾಗಿ ಏರದಿದ್ದುದನ್ನು ಕಂಡಿದ್ದರು. 1958ರ ಜೂನ್ 11ರಂದು, ಎಪ್ಪತ್ತನೆಯ ಹುಟ್ಟುಹಬ್ಬ ಕಳೆದ ನಾಲ್ಕು ದಿನಗಳಿಗೆ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಹೃದಯ ಅವರನ್ನು ಕೈಬಿಡಲಿಲ್ಲ. ಮರಣಾನಂತರ ಆ ಹೃದಯವನ್ನು ಪರೀಕ್ಷಿಸಿದವರಲ್ಲಿ ಒಬ್ಬರು ಪಾಲ್ ಡಡ್ಲಿ ವೈಟ್. ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ 1955ರಲ್ಲಿ ಹೃದಯಾಘಾತವಾದಾಗ ಚಿಕಿತ್ಸೆ ನೀಡಿದ ಪ್ರಸಿದ್ಧ ವೈದ್ಯರು ಇವರೇ. ಜೇಮ್ಸ್ ಕರೆನ್ಸ್ ಅವರೊಂದಿಗೆ 1961ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವರು ಕಂಡದ್ದನ್ನು ದಾಖಲಿಸಿದರು: ಹೃದಯಕ್ಕೆ ರಕ್ತ ಒದಗಿಸುವ ಧಮನಿಗಳು ಸಾಮಾನ್ಯರಿಗಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ವಯಸ್ಸಿನೊಂದಿಗೆ ಬರುವ ಜಿಡ್ಡು ಸ್ವಲ್ಪ ಕಟ್ಟಿತ್ತಾದರೂ ರಕ್ತ ಹರಿಯಲು ದಾರಿ ಧಾರಾಳವಾಗಿತ್ತು. ಓಟದಿಂದ ಹೃದಯ ಕೆಡುತ್ತದೆಂಬ ಹಳೆಯ ಭಯವನ್ನು ಕಡಿಮೆ ಮಾಡುವಲ್ಲಿ ಈ ವರದಿಗೂ ಪಾಲಿದೆ.

ಇದರಿಂದ ವೈದ್ಯರ ಮಾತನ್ನು ಕೇಳಬೇಕಾಗಿಲ್ಲವೆಂಬ ಪಾಠ ಕಲಿತರೆ ಅದು ತಪ್ಪು. 1911ರ ವೈದ್ಯರ ಕೈಯಲ್ಲಿದ್ದುದು ಒಂದು ಸ್ಟೆತಾಸ್ಕೋಪು ಮಾತ್ರ. ದೀರ್ಘ ಅಭ್ಯಾಸದಿಂದ ಬಲಗೊಂಡ ಹೃದಯದಲ್ಲಿ ನಿರಪಾಯದ ಸದ್ದು ಕೇಳಿಸಬಹುದೆಂದು ಇಂದಿನ ವೈದ್ಯಶಾಸ್ತ್ರಕ್ಕೆ ತಿಳಿದಿದೆ. ಯಾವುದು ನಿರಪಾಯ, ಯಾವುದು ಅಪಾಯ ಎಂದು ಯಂತ್ರಗಳಿಂದ ನೋಡಿ ಹೇಳಬಲ್ಲದು. ನಡುವಯಸ್ಸಿನಲ್ಲಿ ಓಟ ಆರಂಭಿಸುವವರು ಆ ಪರೀಕ್ಷೆಯನ್ನು ಮಾಡಿಸಿಕೊಂಡೇ ಹೊರಡುವುದು ಜಾಣತನ. ನನ್ನ ಮನಸ್ಸನ್ನು ಕಲಕುವುದು ಇನ್ನೊಂದು ಸಂಗತಿ. ಒಂದು ಕ್ಷಣದ ಪರೀಕ್ಷೆಯೂ ಸೇರಿಕೊಂಡು ಒಬ್ಬ ಮನುಷ್ಯನ ಹತ್ತು ವರ್ಷಗಳನ್ನು ತೆಗೆದುಕೊಂಡಿತು; ಆತ ಹೋದ ವರ್ಷಗಳಿಗಾಗಿ ಕೊರಗುತ್ತ ಕೂರದೆ ಉಳಿದ ವರ್ಷಗಳಿಂದ ಆರು ಗೆಲುವುಗಳನ್ನು ತೆಗೆದರು.

ಕೀನ್ ಪಟ್ಟಣ ಅವರನ್ನು ಮರೆತಿಲ್ಲ. 1978ರಿಂದ ಅಲ್ಲಿ ಡಿಮಾರ್ ಅವರ ಹೆಸರಿನಲ್ಲಿಯೇ ಮ್ಯಾರಥಾನ್ ನಡೆದುಬಂದಿದೆ. ಸೆಪ್ಟೆಂಬರಿನ ಕೊನೆಯಲ್ಲಿ, ಬೆಟ್ಟಗಳ ಮೇಪಲ್ ಮರಗಳು ಕೆಂಪಿಗೆ ತಿರುಗುವ ಶರತ್ಕಾಲದಲ್ಲಿ, ಗಿಲ್ಸಮ್ ಎಂಬ ಹಳ್ಳಿಯಿಂದ ಹೊರಟ ಓಟಗಾರರು ಕೀನ್‌ನತ್ತ ಸಾಗುತ್ತಾರೆ. ಅದು ಹೆಸರಾಂತರಿಗಿಂತ ಹೆಚ್ಚಾಗಿ ಸಾಮಾನ್ಯರ ಓಟ. ಬೇಸಿಗೆಯಿಡೀ ಕೆಲಸದ ಮೊದಲೋ ನಂತರವೋ ಬಿಡುವು ಮಾಡಿಕೊಂಡು, ವಾರದ ಕಂತು ತಪ್ಪದೆ ಕಟ್ಟಿದವರು ಅಂದು ತಮ್ಮ ಗಂಟನ್ನು ಬಿಡಿಸಿಕೊಳ್ಳುತ್ತಾರೆ. ಡಿಮಾರ್ ಅವರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೆ ಬೇಕಿಲ್ಲ.

ಮುಂಬಯಿಯ ರಸ್ತೆಗಳಲ್ಲಿ ಒಣ ಅಂಗಿ ಹಿಡಿದು ಕಚೇರಿಗೆ ಓಡುವುದು ನಮ್ಮಲ್ಲಿ ಹೆಚ್ಚಿನವರಿಗೆ ಸಾಧ್ಯವಾಗಲಾರದು. ಆದರೆ ಎರಡು ನಿಲ್ದಾಣ ಮೊದಲೇ ಇಳಿದು ಉಳಿದ ದಾರಿಯನ್ನು ನಡೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಈ ಲೇಖನಕ್ಕಾಗಿ ಡಿಮಾರ್ ಅವರ ಬದುಕನ್ನು ಓದತೊಡಗಿದ ಮೇಲೆ ನಾನು ಅಷ್ಟನ್ನಾದರೂ ಆರಂಭಿಸಿದ್ದೇನೆ. ಖರ್ಚಿನ ಕಲಮಿನಿಂದ ಇಪ್ಪತ್ತೈದು ನಿಮಿಷ ಜಮೆಯ ಕಡೆಗೆ ಸರಿದಿದೆ.